ಪರಿಚಯವೆಂಬ ಬಂಡವಾಳ

ಬಂಡವಾಳವೆಂದೊಡನೆ ಹಣ, ಭೂಮಿ, ಯಂತ್ರ, ಕಟ್ಟಡಗಳು ನೆನಪಿಗೆ ಬರುತ್ತವೆ. ಅರ್ಥಶಾಸ್ತ್ರದ ಮೊದಲ ಪಾಠಗಳೂ ಇವನ್ನೇ ಹೆಸರಿಸುತ್ತವೆ. ಆದರೆ ಒಂದೇ ಪರೀಕ್ಷೆಯಲ್ಲಿ ಒಂದೇ ದರ್ಜೆಯಲ್ಲಿ ತೇರ್ಗಡೆಯಾದ ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ಸೋದರಮಾವ ಎಂಜಿನಿಯರು. ನೆರೆಮನೆಯವರು ಕಾಲೇಜಿನ ಅಧ್ಯಾಪಕರು. ಯಾವ ವಿಷಯವನ್ನು ಆರಿಸಿಕೊಳ್ಳಬೇಕು, ಯಾವ ವಿದ್ಯಾರ್ಥಿವೇತನಕ್ಕೆ ಎಂದಿನೊಳಗೆ ಅರ್ಜಿ ಸಲ್ಲಿಸಬೇಕು ಎಂಬುದು ಅವನಿಗೆ ಊಟದ ಹೊತ್ತಿನ ಮಾತುಕತೆಯಲ್ಲಿಯೇ ತಿಳಿದುಬಿಡುತ್ತದೆ. ಇನ್ನೊಬ್ಬನ ಬಂಧುಬಳಗದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲ. ಅವನಿಗೆ ಸುದ್ದಿ ಮುಟ್ಟುವ ವೇಳೆಗೆ ಗಡುವು ಮುಗಿದಿರುತ್ತದೆ. ಬುದ್ಧಿಯಲ್ಲಿ ಇಬ್ಬರೂ ಸಮಾನರು. ಮೊದಲನೆಯವನಲ್ಲಿದ್ದು ಎರಡನೆಯವನಲ್ಲಿಲ್ಲದ ಆ ವಸ್ತುವೂ ಒಂದು ಬಂಡವಾಳವೇ ಸರಿ.

ಇದಕ್ಕೆ ಸಾಮಾಜಿಕ ಬಂಡವಾಳವೆಂದು ಹೆಸರು. ೧೯೧೬ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಹಳ್ಳಿಯ ಶಾಲೆಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಎಲ್. ಜೆ. ಹ್ಯಾನಿಫಾನ್ ಎಂಬವರು ಈ ಪದವನ್ನು ಇಂದಿನ ಅರ್ಥದಲ್ಲಿಯೇ ಬಳಸಿದರು. ಜನರ ನಡುವಣ ಪರಿಚಯ, ಸದ್ಭಾವ, ಪರಸ್ಪರ ನಂಬಿಕೆಗಳೂ ದುಡಿಮೆಗೆ ಬಾರದ ಸಂಪತ್ತಲ್ಲ ಎಂಬುದು ಅವರ ತಾತ್ಪರ್ಯ. ಸರಕಾರದ ಆರ್ಥಿಕ ನೀತಿಯನ್ನೂ ಈ ಸಂಪತ್ತನ್ನೂ ನಾವು ಸಾಮಾನ್ಯವಾಗಿ ಬೇರೆಬೇರೆಯಾಗಿ ಯೋಚಿಸುತ್ತೇವೆ. ಇವೆರಡೂ ಕೂಡಿದಲ್ಲಿ ಮಾತ್ರ ಬಡವನಿಗೆ ದಾರಿ ತೆರೆಯುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಹಳೆಯ ನಿದರ್ಶನವಿದೆ.

ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಒಂದು ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಮೊದಲ ಸಂಘವೆಂದು ಅದು ಪ್ರಸಿದ್ಧವಾಗಿದೆ. ಅದರ ಹಿಂದಿನ ವರ್ಷ, ಅಂದರೆ ೧೯೦೪ರಲ್ಲಿ, ಸಹಕಾರ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತ್ತು. ಜರ್ಮನಿಯಲ್ಲಿ ರೈಫೈಸೆನ್ ಎಂಬವರು ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಸಿದ ಗ್ರಾಮಸಂಘಗಳ ಮಾದರಿಯನ್ನು ಅದು ಅನುಸರಿಸಿತು. ಅದರ ತಿರುಳು ಪರಿಮಿತಿಯಿಲ್ಲದ ಹೊಣೆ. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸಮಸ್ತ ಆಸ್ತಿಯೊಡನೆ ಬಾಧ್ಯನು. ಆದುದರಿಂದ ಯಾರು ಸಾಲ ಕೇಳುತ್ತಿದ್ದಾರೆ, ಎತ್ತು ಕೊಳ್ಳುವುದಕ್ಕೋ ಮದುವೆಯ ಆಡಂಬರಕ್ಕೋ ಎಂಬುದನ್ನು ಎಲ್ಲರೂ ಕಣ್ಣಿಟ್ಟು ನೋಡಬೇಕಾಗುತ್ತಿತ್ತು. ಪಟ್ಟಣದ ಬ್ಯಾಂಕಿಗೆ ಈ ತಿಳಿವಳಿಕೆ ಎಷ್ಟು ವೆಚ್ಚ ಮಾಡಿದರೂ ದೊರೆಯದು. ನೆರೆಯವನಿಗೆ ವೆಚ್ಚವಿಲ್ಲದೆ ದೊರೆಯುತ್ತದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಹಳ್ಳಿಗರು ೧೯೦೪ಕ್ಕೆ ಮುಂಚೆಯೂ ಒಬ್ಬರನ್ನೊಬ್ಬರು ಬಲ್ಲವರೇ. ಆದರೂ ಸಾಹುಕಾರನ ಬಡ್ಡಿ ತಪ್ಪಿರಲಿಲ್ಲ. ನಂಬಿಕೆಯನ್ನು ಸಾಲದ ಆಧಾರವಾಗಿ ಮಾರ್ಪಡಿಸಲು ಕಾನೂನು ಬೇಕಾಯಿತು. ಇನ್ನೊಂದೆಡೆ, ಆ ಕಾನೂನು ಬ್ರಿಟಿಷ್ ಇಂಡಿಯಾದಲ್ಲೆಲ್ಲ ಒಂದೇ ಆಗಿದ್ದರೂ ಕೆಲವೆಡೆ ಸಂಘಗಳು ಬೆಳೆದವು, ಹಲವೆಡೆ ಮುಚ್ಚಿಹೋದವು. ನಂಬಿಕೆಯಿಲ್ಲದ ಕಡೆ ಕಾನೂನು ಕಾಗದದ ಮೇಲೆಯೇ ಉಳಿಯಿತು.

ಹಾಗಾದರೆ ಪರಸ್ಪರ ನಂಬಿಕೆಯಿದ್ದಲ್ಲೆಲ್ಲ ಒಳಿತೇ ಆಗುವುದೆ? ಹಾಗೆ ಹೇಳಲಾಗದು. ತಮಿಳುನಾಡಿನ ತಿರುಪ್ಪೂರಿನ ಹೆಣಿಗೆ ಉಡುಪಿನ ಉದ್ಯಮವನ್ನು ಕುರಿತು ಅಭಿಜಿತ್ ಬ್ಯಾನರ್ಜಿ ಮತ್ತು ಕೈವಾನ್ ಮುನ್ಷಿ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಅಲ್ಲಿ ನೆಲೆನಿಂತ ಗೌಂಡರ್ ಸಮುದಾಯದವರಿಗೆ ತಮ್ಮವರಿಂದ ಹಣ ಸುಲಭವಾಗಿ ಒದಗುತ್ತಿತ್ತು. ಹೊರಗಿನಿಂದ ಬಂದ ಉದ್ಯಮಿಗಳಿಗೆ ಒದಗುತ್ತಿರಲಿಲ್ಲ. ಹೊರಗಿನವರು ಕಡಮೆ ಬಂಡವಾಳದಿಂದ ಆರಂಭಿಸಿದರೂ ಕೆಲವೇ ವರ್ಷಗಳಲ್ಲಿ ಉತ್ಪಾದನೆಯಲ್ಲಿ ಮುಂದಾದರು. ಹಣವು ಸಾಮರ್ಥ್ಯವಿದ್ದ ಕಡೆಗೆ ಹರಿಯದೆ ಪರಿಚಯವಿದ್ದ ಕಡೆಗೆ ಹರಿಯಿತೆಂದು ಇದರ ಅರ್ಥ. ಒಳಗಿನವರಿಗೆ ಆಸರೆಯಾಗುವ ಬೇಲಿಯೇ ಹೊರಗಿನವರಿಗೆ ತಡೆಯಾಗುವುದು.

ವ್ಯಕ್ತಿಯ ಏಳಿಗೆಗೆ ಬೇಕಾದುದು ಬೇಲಿಯಾಚೆಗಿನ ಪರಿಚಯ. ೨೦೨೨ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಫೇಸ್‌ಬುಕ್ ಬಳಸುವ ಸುಮಾರು ೭ ಕೋಟಿ ೨೦ ಲಕ್ಷ ಜನರ ೨೧೦೦ ಕೋಟಿ ಸ್ನೇಹಸಂಬಂಧಗಳನ್ನು ಗಣಿಸಿ ನೋಡಿದರು. ಊರಿನ ಒಗ್ಗಟ್ಟು, ಸೇವಾಕಾರ್ಯಗಳಲ್ಲಿ ಜನರು ಪಾಲ್ಗೊಳ್ಳುವಿಕೆ ಮೊದಲಾದವುಗಳಿಗಿಂತ, ಬಡವರಿಗೂ ಅನುಕೂಲಸ್ಥರಿಗೂ ನಡುವಣ ಸ್ನೇಹವೇ ಬಡ ಮಕ್ಕಳ ಮುಂದಿನ ಆದಾಯದೊಡನೆ ನಿಕಟ ಸಂಬಂಧ ತೋರಿತು. ಅನುಕೂಲಸ್ಥರ ಮಕ್ಕಳಿಗೆ ಸಾಮಾನ್ಯವಾಗಿ ಇರುವಷ್ಟು ಇಂತಹ ಸ್ನೇಹಗಳಿರುವ ಸ್ಥಳದಲ್ಲಿ ಬಡ ಮಗುವೂ ಬೆಳೆದರೆ ಅದರ ಆದಾಯ ಸರಾಸರಿ ಶೇಕಡ ೨೦ರಷ್ಟು ಹೆಚ್ಚಾದೀತೆಂದು ಅವರು ಅಂದಾಜು ಮಾಡಿದರು. ಸ್ನೇಹವೇ ಇದಕ್ಕೆ ಏಕೈಕ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗದು. ಆದರೂ ಇದು ಅಲಕ್ಷಿಸತಕ್ಕ ಸಂಗತಿಯಲ್ಲ.

ಇನ್ನು ನಮ್ಮ ನಾಡಿನ ನೀತಿಯತ್ತ ತಿರುಗೋಣ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ಶೇಕಡ ೨೫ ಸ್ಥಾನಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಮೀಸಲಿರಿಸಿತು. ಅವರ ಶುಲ್ಕವನ್ನು ಸರಕಾರವೇ ಭರಿಸಬೇಕು. ೨೦೧೯ರಲ್ಲಿ ಕರ್ನಾಟಕ ಸರಕಾರವು ನಿಯಮವನ್ನು ತಿದ್ದಿ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸ್ಥಾನ ಕೊಡಬೇಕಾಗಿಲ್ಲವೆಂದು ವಿಧಿಸಿತು. ಖಾಸಗಿ ಶಾಲೆಗೆ ತೆರುವ ಹಣವನ್ನು ಸರಕಾರಿ ಶಾಲೆಗೆ ವಿನಿಯೋಗಿಸಬೇಕೆಂಬ ವಾದದಲ್ಲಿ ಹುರುಳಿದೆ. ಸರಕಾರಿ ಶಾಲೆ ಬಲಗೊಳ್ಳಬೇಕೆಂಬುದು ನಮಗೂ ಸಮ್ಮತವೇ. ಆದರೆ ಲೆಕ್ಕದಲ್ಲಿ ಶುಲ್ಕದ ಹಣ ಮಾತ್ರ ಕಾಣಿಸಿಕೊಂಡಿತು. ಒಂದೇ ಬೆಂಚಿನಲ್ಲಿ ಕುಳಿತ ಮಕ್ಕಳ ಪರಿಚಯಕ್ಕೆ ಯಾವ ಅಂಕಣವೂ ಇರಲಿಲ್ಲ. ಸರಕಾರಿ ಶಾಲೆ ಎಷ್ಟೇ ಉತ್ತಮವಾಗಲಿ, ಅಲ್ಲಿ ಬಡವರ ಮಕ್ಕಳೇ ಕೂಡಿದರೆ ಮೇಲೆ ಹೇಳಿದ ಎರಡನೆಯ ವಿದ್ಯಾರ್ಥಿಯ ಕೊರತೆ ಹಾಗೆಯೇ ಉಳಿಯುತ್ತದೆ.

ಇಂತಹ ಸಹವಾಸದಿಂದ ಅನುಕೂಲಸ್ಥರ ಮಕ್ಕಳು ಕೆಡುವರೆಂದು ಭಯಪಡುವ ತಂದೆತಾಯಿಗಳುಂಟು. ದಿಲ್ಲಿಯ ಖಾಸಗಿ ಶಾಲೆಗಳು ೨೦೦೭ರಿಂದ ಬಡ ಮಕ್ಕಳನ್ನು ಸೇರಿಸಿಕೊಳ್ಳಬೇಕಾಗಿ ಬಂದಾಗ ಏನಾಯಿತೆಂಬುದನ್ನು ಗೌತಮ್ ರಾವ್ ಪರೀಕ್ಷಿಸಿದರು. ೨೦೧೯ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಬಹುಮಾನದ ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸುವಾಗ, ಓಟದಲ್ಲಿ ಚುರುಕಾದ ಬಡ ಹುಡುಗನನ್ನು ಬಿಟ್ಟು ನಿಧಾನವಾಗಿ ಓಡುವ ಸಿರಿವಂತನನ್ನು ಆರಿಸುವ ಪ್ರವೃತ್ತಿಯು ಬಡ ಸಹಪಾಠಿಗಳಿದ್ದ ಮಕ್ಕಳಲ್ಲಿ ಕಡಮೆಯಾಗಿತ್ತು. ಅವರಲ್ಲಿ ಔದಾರ್ಯವೂ ಹೆಚ್ಚಿತ್ತು. ಇಂಗ್ಲಿಷಿನ ಅಂಕಗಳು ತುಸು ಇಳಿದುವು, ತರಗತಿಯ ಶಿಸ್ತು ಸ್ವಲ್ಪ ಸಡಿಲಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಒಟ್ಟು ಅಂಕಗಳಲ್ಲಿ ಗಣನೀಯ ನಷ್ಟ ಕಂಡುಬರಲಿಲ್ಲ.

ಪ್ರವೇಶ ದೊರೆತ ಮಾತ್ರಕ್ಕೆ ಕೆಲಸ ಮುಗಿಯದು. ಬಡವರೂ ಅನುಕೂಲಸ್ಥರೂ ಬೇರೆಬೇರೆಯಾಗಿ ಉಳಿಯುವುದಕ್ಕೆ ಅವರು ಒಂದೆಡೆ ಸೇರದಿರುವುದು ಅರ್ಧ ಕಾರಣವಾದರೆ, ಸೇರಿದಲ್ಲಿಯೂ ಸ್ನೇಹ ಬೆಳೆಯದಿರುವುದು ಉಳಿದರ್ಧ ಕಾರಣವೆಂದು ಚೆಟ್ಟಿಯವರ ಅಧ್ಯಯನವೇ ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಕೂಡಿಸಿ, ಊಟದ ಸಾಲಿನಲ್ಲಿ ಬೇರ್ಪಡಿಸಿದರೆ ಫಲವೇನು? ಶಾಲೆಯ ಆಟ, ವಿದ್ಯಾರ್ಥಿನಿಲಯದ ಕೊಠಡಿ, ಪ್ರಯೋಗಶಾಲೆಯ ಜೋಡಿ, ಪ್ರವಾಸದ ತಂಡ ಇವುಗಳ ವ್ಯವಸ್ಥೆಯೂ ಆರ್ಥಿಕ ನೀತಿಯ ಭಾಗವೆಂದು ನಾವು ಭಾವಿಸಬೇಕು. ರಾಜ್ಯದ ನಿಯಮವನ್ನು ಮತ್ತೆ ಪರಿಶೀಲಿಸಿ ಮಕ್ಕಳು ಕೂಡಿ ಕಲಿಯುವ ಅವಕಾಶವನ್ನು ಹಿಗ್ಗಿಸಬೇಕೆಂಬುದು ನಮ್ಮ ಅಭಿಪ್ರಾಯ.

ಈ ಉಳಿದರ್ಧ ಭಾಗವು ಮಾತ್ರ ಸರಕಾರದ ಕೈಯಲ್ಲಿಲ್ಲ. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿದೆ. ವಿದ್ಯಾರ್ಥಿವೇತನದ ಸುದ್ದಿ, ಒಳ್ಳೆಯ ಗ್ರಂಥದ ಹೆಸರು, ಪ್ರವೇಶ ಪರೀಕ್ಷೆಯ ತಾರೀಖು ಇವು ಹಂಚಿದರೆ ಕರಗುವ ವಸ್ತುಗಳಲ್ಲ. ತನ್ನ ಮನೆಯಲ್ಲಿ ಅನಾಯಾಸವಾಗಿ ದೊರೆತ ತಿಳಿವಳಿಕೆಯನ್ನು ಅದು ದೊರೆಯದ ಸಹಪಾಠಿಗೆ ಗಡುವು ಮುಗಿಯುವ ಮೊದಲೇ ತಿಳಿಸುವವನು, ಯಾವ ಕಾಯಿದೆಗೂ ಕಾಯದೆ ನಾಡಿನ ಬಂಡವಾಳವನ್ನು ಹೆಚ್ಚಿಸಿದವನಾಗುತ್ತಾನೆ.