ಜತೆಗಿದ್ದವನ ತಲೆಗೆ ಕೊಲೆಯ ಹೊರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ನಮ್ಮ ವಾಚಕರಿಗೆ ಹೊಲದ ಬದುವಿನ ಜಗಳವು ಖೂನಿಯಲ್ಲಿ ಮುಗಿಯುವ ಬಗೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಡಲಿ ಎತ್ತಿದವನು ಒಬ್ಬ. ಅವನ ಹಿಂದೆ ಅಣ್ಣತಮ್ಮಂದಿರು, ಅಳಿಯ, ಆಳುಮಗ, ಕೂಗು ಕೇಳಿ ಓಡಿಬಂದ ನೆರೆಹೊಲದವನು. ಮರುದಿನ ಠಾಣೆಯಲ್ಲಿ ಬರೆಯಿಸಿದ ಫಿರ್ಯಾದಿಯಲ್ಲಿ ಇವರೆಲ್ಲರ ಹೆಸರೂ ಒಂದೇ ಸಾಲಿನಲ್ಲಿ ಬಂದಿರುತ್ತವೆ. ಊರ ಹಗೆ ಹಳೆಯದಾಗಿದ್ದರೆ ಆ ದಿನ ಊರಲ್ಲಿಯೇ ಇಲ್ಲದವನ ಹೆಸರೂ ಬಂದೀತು. ಕೊಂದವನಿಗೆ ಶಿಕ್ಷೆಯಾಗಬೇಕೆಂಬುದು ನಿರ್ವಿವಾದ. ಆದರೆ ಕೊಲ್ಲದೆ ಜತೆಗಿದ್ದವನನ್ನು ಕಾಯಿದೆಯು ಏನೆಂದು ಕರೆಯಬೇಕು? ಅವನನ್ನೂ ಕೊಲೆಗಡುಕನೆಂದೇ ಕರೆದು ಜನ್ಮಾವಧಿ ಸೆರೆಗೋ ಫಾಶಿಗೋ ಒಪ್ಪಿಸಿದರೆ, ತನ್ನ ಪಾಲಿನ ತಪ್ಪು ಎಷ್ಟೆಂಬುದನ್ನು ತೂಗಿ ನೋಡಿರೆಂದು ಅವನು ಯಾವ ಬಾಗಿಲನ್ನು ತಟ್ಟಬೇಕು? ಈ ಎರಡು ಪ್ರಶ್ನೆಗಳನ್ನು ನಾವು ಇಂದು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಇಂಗ್ಲೆಂಡಿನ ಹಳೆಯ ಕಾಯಿದೆಯಲ್ಲಿ ಒಂದು ಕ್ರೂರವಾದ ನಿಯಮವಿತ್ತು. ದರೋಡೆ, ಮನೆಗೆ ಬೆಂಕಿ ಮೊದಲಾದ ಘೋರ ಅಪರಾಧವನ್ನು ಮಾಡುತ್ತಿರುವಾಗ ಯಾರಾದರೂ ಸತ್ತರೆ, ಕೊಲ್ಲುವ ಮನಸ್ಸು ಇರಲಿ ಬಿಡಲಿ, ಅದು ಕೊಲೆಯೇ. ಇಂಗ್ಲೆಂಡವು ಇದನ್ನು 1957ರಲ್ಲಿ ಕಿತ್ತುಹಾಕಿತು. ಅಮೇರಿಕದ ಬಹಳಷ್ಟು ಸಂಸ್ಥಾನಗಳಲ್ಲಿ ಅದು ಇನ್ನೂ ಉಳಿದಿದೆ. ಅಲ್ಲಿಯ ಕೈದಿಗಳು ತಮ್ಮ ಸಂಸ್ಥಾನದ ಕೋರ್ಟುಗಳಲ್ಲಿ ಸೋತ ಮೇಲೆ ಒಕ್ಕೂಟದ ನ್ಯಾಯಾಲಯಗಳ ಮೆಟ್ಟಿಲೇರಿ, ತಾವು ಕೊಲ್ಲಲಿಲ್ಲ, ಕೊಲ್ಲಬೇಕೆಂದು ಬಗೆಯಲೂ ಇಲ್ಲ ಎಂದು ಮೊರೆಯಿಡುತ್ತಾರೆ. ಫ್ಲಾರಿಡಾದಲ್ಲಿ ಎನ್ಮಂಡನೆಂಬವನು ದರೋಡೆಯ ಹೊತ್ತಿನಲ್ಲಿ ಮೋಟಾರಿನಲ್ಲಿ ಕುಳಿತಿದ್ದನು. ಒಳಗೆ ಹೋದವರು ಮುದಿ ದಂಪತಿಗಳನ್ನು ಕೊಂದರು. ಅಮೇರಿಕದ ಸುಪ್ರೀಮ್ ಕೋರ್ಟು 1982ರಲ್ಲಿ ಅವನ ಮರಣದಂಡನೆಯನ್ನು ರದ್ದು ಮಾಡಿತು. ಐದೇ ವರ್ಷಗಳಲ್ಲಿ, 1987ರಲ್ಲಿ, ತಂದೆಯನ್ನು ಸೆರೆಮನೆಯಿಂದ ತಪ್ಪಿಸಿದ ಟೈಸನ್ ಸೋದರರ ಮೊಕದ್ದಮೆಯಲ್ಲಿ ಅದೇ ಕೋರ್ಟು ಸ್ವಲ್ಪ ಹಿಂದೆ ಸರಿದು, ಅಪರಾಧದಲ್ಲಿ ದೊಡ್ಡ ಪಾಲುಗೊಂಡು ಪರರ ಪ್ರಾಣವನ್ನು ಲಕ್ಷಿಸದೆ ನಡೆದವನಿಗೆ ಮರಣದಂಡನೆ ಸಲ್ಲಬಹುದೆಂದಿತು. ಎರಡರಲ್ಲಿಯೂ ಒಂದು ಮಾತು ಸಮಾನವಾಗಿದೆ: ಪ್ರತಿಯೊಬ್ಬನ ಪಾಲನ್ನು ಬೇರೆ ಬೇರೆಯಾಗಿ ನೋಡಬೇಕು.

ನಮ್ಮ ದೇಶದ ದಂಡಸಂಹಿತೆಯ ಕರಡನ್ನು 1837ರಲ್ಲಿ ಸಿದ್ಧಗೊಳಿಸಿದ ಮೆಕಾಲೆ ಸಾಹೇಬನು ಈ ಇಂಗ್ಲಿಷ್ ನಿಯಮವನ್ನು ತಿರಸ್ಕರಿಸಿದನೆಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮ ಭಾಷೆ ವಿದ್ಯೆಗಳ ಬಗ್ಗೆ ಆತನು ಆಡಿದ ಮಾತುಗಳನ್ನು ನಾವು ಮರೆತಿಲ್ಲ. ಆದರೂ ಈ ವಿಷಯದಲ್ಲಿ ಆತನ ಬುದ್ಧಿಯು ನೆಟ್ಟಗಿತ್ತು. ಅಪರಾಧ ಮಾಡುವಾಗ ಅಕಸ್ಮಾತ್ತಾಗಿ ಸಾವು ಸಂಭವಿಸಿದರೆ ಅಪರಾಧಿಯನ್ನು ಕೊಲೆಗಡುಕನೆಂದು ದಂಡಿಸುವದರಿಂದ ಜನರ ಪ್ರಾಣಕ್ಕೆ ಏನೂ ಹೆಚ್ಚಿನ ರಕ್ಷಣೆ ದೊರೆಯುವದಿಲ್ಲವೆಂದು ಆತನು ವಾದಿಸಿದನು. ಹೀಗೆ ಮುಂಬಾಗಿಲಿನಲ್ಲಿ ತಡೆಯಲ್ಪಟ್ಟ ನಿಯಮವು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು. 1860ರ ಸಂಹಿತೆಯ 34ನೆಯ ಕಲಮು ಸಮಾನ ಉದ್ದೇಶವುಳ್ಳವರೆಲ್ಲರನ್ನೂ ಒಬ್ಬನ ಕೃತ್ಯಕ್ಕೆ ಹೊಣೆಯಾಗಿಸಿತು. 149ನೆಯ ಕಲಮು ಐವರು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟದ ಪ್ರತಿಯೊಬ್ಬನನ್ನೂ ಹೊಣೆಯಾಗಿಸಿತು. 396ನೆಯ ಕಲಮಿನ ಪ್ರಕಾರ ದರೋಡೆಯಲ್ಲಿ ಒಬ್ಬನು ಕೊಲೆ ಮಾಡಿದರೆ ಎಲ್ಲರಿಗೂ ಮರಣದಂಡನೆಯನ್ನು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ ಮಾತುಗಳು 3(5), 190, 310(3) ಎಂಬ ಹೊಸ ಅಂಕಿಗಳ ಕೆಳಗೆ ಕುಳಿತಿವೆ. ಅಂಕಿಗಳು ಬದಲಾದವು, ಹೊರೆ ಬದಲಾಗಲಿಲ್ಲ.

ಈ ಕಲಮುಗಳನ್ನು ಬಿಗಿಯಾಗಿಯೂ ಓದಬಹುದು, ಸಡಿಲಾಗಿಯೂ ಓದಬಹುದು. 1923ರಲ್ಲಿ ಕಲಕತ್ತೆಯ ಶಂಕರಿತೋಲಾ ಅಂಚೆಕಚೇರಿಯಲ್ಲಿ ಪೋಸ್ಟ್ ಮಾಸ್ತರನು ಗುಂಡಿಗೆ ಬಲಿಯಾದಾಗ, ತಾನು ಹೊರಗೆ ಅಂಗಳದಲ್ಲಿ ಅಂಜುತ್ತ ನಿಂತಿದ್ದೆನೆಂದು ಬರೇಂದ್ರಕುಮಾರ ಘೋಷನು ವಾದಿಸಿದನು. ಪ್ರಿವ್ಹಿ ಕೌನ್ಸಿಲ್ಲು ಆ ವಾದವನ್ನು ಒಪ್ಪಲಿಲ್ಲ. ಕಾವಲು ನಿಂತವನೂ ಕೆಲಸ ಮಾಡಿದವನೇ ಎಂದಿತು. ಆದರೆ ಅದೇ ಪ್ರಿವ್ಹಿ ಕೌನ್ಸಿಲ್ಲು 1945ರಲ್ಲಿ ಮೆಹಬೂಬ ಶಹಾನ ಮೊಕದ್ದಮೆಯಲ್ಲಿ ಬೇರೆ ರೀತಿಯಾಗಿ ತೀರ್ಪಿತ್ತಿತು. ಸಿಂಧೂ ನದಿಯ ದಂಡೆಯಲ್ಲಿ ಜೊಂಡು ಕೊಯ್ದ ಸಲುವಾಗಿ ಹುಟ್ಟಿದ ಜಗಳವದು. ನಮ್ಮ ಭೀಮೆಯ ದಂಡೆಯಲ್ಲಿಯೇ ನಡೆಯಿತೋ ಎನ್ನುವಂತಿದೆ. ಇಬ್ಬರು ಬಂದೂಕು ಹಿಡಿದು ಬಂದರು. ಒಬ್ಬನ ಗುಂಡಿಗೆ ಒಬ್ಬನು ಸತ್ತನು, ಮತ್ತೊಬ್ಬನ ಗುಂಡು ಬೇರೊಬ್ಬನನ್ನು ಗಾಯಗೊಳಿಸಿತು. ಕೊಂದವನು ಓಡಿಹೋದನು; ಕೈಗೆ ಸಿಕ್ಕವನಿಗೆ ಕೊಲೆಯ ಶಿಕ್ಷೆಯಾಯಿತು. ಇಬ್ಬರ ಮನಸ್ಸಿನಲ್ಲಿ ಒಂದೇ ತೆರನಾದ ಉದ್ದೇಶವಿರುವದು ಬೇರೆ, ಇಬ್ಬರೂ ಮೊದಲೇ ಕೂಡಿಕೊಂಡು ಒಂದು ಉದ್ದೇಶವನ್ನು ಹಂಚಿಕೊಂಡಿರುವದು ಬೇರೆ ಎಂದು ಹೇಳಿ ಕೌನ್ಸಿಲ್ಲು ಅವನ ಮೇಲಿನ ಕೊಲೆಯ ದೋಷವನ್ನು ತೆಗೆದುಹಾಕಿತು. ಈ ಕೂದಲೆಳೆಯ ಭೇದದ ಮೇಲೆಯೇ ಎಷ್ಟೋ ಬಡವರ ಕೊರಳು ತೂಗುತ್ತಿರುತ್ತದೆ.

ಭೀಮೆಯ ಆಚೆಯ ಸೊಲ್ಲಾಪುರದ ಕಥೆಯನ್ನು ನಮ್ಮ ಇಂಡಿಯ ಹಿರಿಯರ ಮನೆಗಳಲ್ಲಿ ಮಕ್ಕಳು ಕೇಳಿ ಬೆಳೆದಿದ್ದಾರೆ. ಗಾಂಧೀಜಿಯವರ ಬಂಧನದ ತರುವಾಯ 1930ರ ಮೇ ತಿಂಗಳಲ್ಲಿ ಅಲ್ಲಿ ಗೋಳೀಬಾರು ನಡೆಯಿತು, ಜನರು ಕೆರಳಿದರು, ಇಬ್ಬರು ಪೋಲೀಸರು ಗುಂಪಿನ ಕೈಯಲ್ಲಿ ಹತರಾದರು, ಊರಿಗೆ ಲಷ್ಕರಿ ಕಾಯಿದೆ ಬಂದಿತು. ಆ ಕೊಲೆಗಾಗಿ ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ ಕುರ್ಬಾನ ಹುಸೇನ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಕೊನೆಯವನು ಪತ್ರಿಕೆ ನಡೆಸುತ್ತಿದ್ದವನು, ನಮ್ಮ ವೃತ್ತಿಬಾಂಧವನು. ಕೊಲೆಯಲ್ಲಿ ಈ ನಾಲ್ವರ ಕೈಯಿರಲಿಲ್ಲವೆಂದು ಸೊಲ್ಲಾಪುರದ ಜನರು ಅಂದಿನಿಂದ ಹೇಳುತ್ತ ಬಂದಿದ್ದಾರೆ. ಆಗ ವಿಜಯಪುರಕ್ಕೂ ಸೊಲ್ಲಾಪುರಕ್ಕೂ ಹಾಯ್‌ಕೋರ್ಟು ಒಂದೇ, ಮುಂಬಯಿಯದು. ಅದರ ಮೇಲೆ ಇದ್ದದ್ದು ಲಂಡನ್ನಿನ ಪ್ರಿವ್ಹಿ ಕೌನ್ಸಿಲ್ಲು ಮಾತ್ರ. ಅದಾದರೋ ಘೋರವಾದ ಅನ್ಯಾಯವು ಕಣ್ಣಿಗೆ ರಾಚದ ಹೊರತು ಫೌಜದಾರಿ ಮೊಕದ್ದಮೆಗಳಲ್ಲಿ ಕೈಹಾಕುವದಿಲ್ಲವೆಂದು 1887ರಷ್ಟು ಹಿಂದೆಯೇ ಸಾರಿತ್ತು.

ಮೈಸೂರು ಸೀಮೆಯ ಈಸೂರಿನವರ ಪಾಡು ಇನ್ನೂ ಕಷ್ಟದ್ದಾಗಿತ್ತು. 1942ರ ಸಪ್ಟೆಂಬರದಲ್ಲಿ ಆ ಹಳ್ಳಿಯ ಗಲಭೆಯಲ್ಲಿ ಅಮಲ್ದಾರರೂ ಪೋಲೀಸ್ ಅಧಿಕಾರಿಯೂ ಗುಂಪಿನ ಕೈಯಲ್ಲಿ ಮಡಿದರು. 1943ರ ಮಾರ್ಚ್ 8ರಿಂದ 10ರ ವರೆಗೆ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರು ಬೆಂಗಳೂರಿನಲ್ಲಿ ಗಲ್ಲಿಗೇರಿದರು. ಈಗ ವಾಚಕರು ತಾರೀಖುಗಳನ್ನು ಲಕ್ಷ್ಯವಿಟ್ಟು ನೋಡಬೇಕು. ದಿಲ್ಲಿಯಲ್ಲಿ 1937ರಿಂದ ಫೆಡರಲ್ ಕೋರ್ಟು ನಡೆದಿತ್ತು. ಈಸೂರಿನ ಐವರು ಸತ್ತು ಎರಡು ತಿಂಗಳೂ ಕಳೆಯದೆ, 1943ರ ಏಪ್ರಿಲ್ 22ರಂದು, ಸರ್ ಮಾರಿಸ್ ಗ್ವಾಯರ್ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಆ ಕೋರ್ಟು, ಮುಂಬಯಿ ಇಲಾಖೆಯ ಸ್ಥಾನಬದ್ಧರಾದ ಕೇಶವ ತಳಪದೆಯವರ ಅಪೀಲಿನಲ್ಲಿ, ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮವು ಕಾಯಿದೆಯ ಮಿತಿಯನ್ನು ಮೀರಿದೆಯೆಂದು ತೀರ್ಪುಕೊಟ್ಟು ಸರಕಾರವನ್ನೇ ತಬ್ಬಿಬ್ಬುಗೊಳಿಸಿತು. ಒಬ್ಬ ಸೆರೆಯಾಳು ಅಷ್ಟು ದೊಡ್ಡ ಸರಕಾರವನ್ನು ನಿಲ್ಲಿಸಿ ಕೇಳಬಹುದಾದ ಬಾಗಿಲೊಂದು ಹಿಂದುಸ್ಥಾನದಲ್ಲಿ ಇತ್ತು. ಆದರೆ ಅದು ಈಸೂರಿನವರಿಗೆ ಇರಲಿಲ್ಲ. ಒಕ್ಕೂಟಕ್ಕೆ ಸಂಸ್ಥಾನಗಳು ಸೇರಲೇ ಇಲ್ಲವಾದ್ದರಿಂದ ಮೈಸೂರಿನ ಪ್ರಜೆಯು ಆ ಕೋರ್ಟಿಗೆ ಪರಕೀಯನು. ಪ್ರಿವ್ಹಿ ಕೌನ್ಸಿಲ್ಲಿಗೂ ಪರಕೀಯನು. ಮಹಾರಾಜರ ದಯೆಯೊಂದೇ ಅವನಿಗೆ ಉಳಿದಿದ್ದ ಬಾಗಿಲು. ಈಸೂರಿನವರು ಫೆಡರಲ್ ಕೋರ್ಟಿಗೆ ಹೋಗಿದ್ದರೂ ಗೆಲ್ಲುತ್ತಿದ್ದರೆಂದು ನಾವು ಹೇಳುವದಿಲ್ಲ. ಸಾಮಾನ್ಯ ಕೊಲೆ ಮೊಕದ್ದಮೆಗಳ ಅಪೀಲನ್ನು ಕೇಳುವ ಅಧಿಕಾರ ಅದಕ್ಕಿರಲಿಲ್ಲ. ಬಾಗಿಲು ಇದ್ದು ಸೋಲುವದಕ್ಕೂ ಬಾಗಿಲೇ ಇಲ್ಲದಿರುವದಕ್ಕೂ ಇರುವ ಅಂತರವನ್ನು ಮಾತ್ರ ತೋರಿಸುತ್ತಿದ್ದೇವೆ.

1950ರ ರಾಜ್ಯಘಟನೆಯು ಈ ಭೇದವನ್ನು ಅಳಿಸಿತು. ಸೊಲ್ಲಾಪುರದವನಿಗೂ ಈಸೂರಿನವನಿಗೂ ಸುಪ್ರೀಮ್ ಕೋರ್ಟು ಒಂದೇ ಆಯಿತು; 32ನೆಯ ಅನುಚ್ಛೇದದಂತೆ ಕೈದಿಯು ನೇರವಾಗಿ ಅಲ್ಲಿಗೆ ಹೋಗಬಹುದು. ಬಾಗಿಲು ತೆರೆದ ಮೇಲೆ ಒಳಗೆ ಏನು ನಡೆಯಿತೆಂಬುದನ್ನು ನಮ್ಮ ಪಾಲಾರ ಮೊಕದ್ದಮೆಯು ತೋರಿಸುತ್ತದೆ.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಹತ್ತಿರದ ಪಾಲಾರದಲ್ಲಿ ವೀರಪ್ಪನ್ ತಂಡವು ಹೂತಿಟ್ಟ ನೆಲಬಾಂಬುಗಳು ಸಿಡಿದು 22 ಮಂದಿ ಸತ್ತರು. ಪೋಲೀಸರೂ ಅರಣ್ಯ ಕಾವಲುಗಾರರೂ ಸೇರಿದ್ದ ಆ ಬಡವರ ಸಂಸಾರಗಳ ದುಃಖವನ್ನು ಮರೆತು ಬರೆಯುವವರು ನಾವಲ್ಲ. ಈ ಸಂಬಂಧವಾಗಿ ಸೈಮನ್, ಜ್ಞಾನಪ್ರಕಾಶ, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರಿಗೆ ಮೈಸೂರಿನ ಟಾಡಾ ನ್ಯಾಯಾಲಯವು 2001ರಲ್ಲಿ ಜನ್ಮಾವಧಿ ಶಿಕ್ಷೆ ವಿಧಿಸಿತು. ಪೋಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಪುರಾವೆಯಾಗಿ ಒಪ್ಪುವ ಕಾಯಿದೆಯದು. ಅದರ ಅಪೀಲು ಹಾಯ್‌ಕೋರ್ಟನ್ನು ದಾಟಿ ನೆಟ್ಟಗೆ ಸುಪ್ರೀಮ್ ಕೋರ್ಟಿಗೆ ಹೋಗುತ್ತದೆ. ಮೊದಲ ಅಪೀಲೇ ಕೊನೆಯ ಅಪೀಲು. ಶಿಕ್ಷೆಯನ್ನು ತಪ್ಪಿಸಿಕೊಳ್ಳಲೆಂದು ಮೇಲೆ ಹೋದವರಿಗೆ ಆ ಕೋರ್ಟು 2004ರ ಜನವರಿಯಲ್ಲಿ ತಾನಾಗಿಯೇ ಶಿಕ್ಷೆಯನ್ನು ಏರಿಸಿ ಮರಣದಂಡನೆಯನ್ನು ಕೊಟ್ಟಿತು. ಮಳೆಗೆ ಅಂಜಿ ಮರದ ಕೆಳಗೆ ನಿಂತವನಿಗೆ ಸಿಡಿಲು ಬಡಿದಂತಾಯಿತು. ವೀರಪ್ಪನ್ ಅದೇ ವರ್ಷದ ಅಕ್ಟೋಬರದಲ್ಲಿ ಗುಂಡಿಗೆ ಬಲಿಯಾದನು. ಮುಖ್ಯಸ್ಥನಾದ ಅವನ ವಿಚಾರಣೆ ನಡೆಯಲೇ ಇಲ್ಲ. ದಯಾಭಿಕ್ಷೆಯ ಅರ್ಜಿಯು ಒಂಬತ್ತು ವರ್ಷ ದಿಲ್ಲಿಯಲ್ಲಿ ಮಲಗಿತ್ತು. 2013ರ ಫೆಬ್ರುವರಿಯಲ್ಲಿ ಅದು ತಿರಸ್ಕೃತವಾದಾಗ ನಾಲ್ವರೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಅಲ್ಲಿಂದ ಅವರು ಮತ್ತೆ ಸುಪ್ರೀಮ್ ಕೋರ್ಟಿನ ಮೊರೆಹೊಕ್ಕರು. 2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಸದಾಶಿವಂ ಅವರ ಪೀಠವು ಶತ್ರುಘ್ನ ಚೌಹಾನ ಮೊಕದ್ದಮೆಯಲ್ಲಿ ಈ ನಾಲ್ವರನ್ನೂ ಒಳಗೊಂಡು 15 ಮಂದಿಯ ಮರಣದಂಡನೆಯನ್ನು ಜನ್ಮಾವಧಿಗೆ ಇಳಿಸಿತು.

ಕೊರಳು ಉಳಿಯಿತು, ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಉಳಿದದ್ದು ಯಾವ ಕಾರಣದಿಂದ? ದಯಾರ್ಜಿಯ ವಿಲಂಬದಿಂದ. ನೆಲಬಾಂಬು ಹೂತದ್ದರಲ್ಲಿ ನಾಲ್ವರ ಪಾಲು ಎಷ್ಟೆಷ್ಟು, ಯಾರ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆಯನ್ನು 2014ರಲ್ಲಿ ಯಾರೂ ಮತ್ತೆ ಬಿಚ್ಚಿ ನೋಡಲಿಲ್ಲ. ಅಂದಿನ ವಿಚಾರವೇ ಅದಾಗಿರಲಿಲ್ಲ. ದಿಲ್ಲಿಯ ಕಚೇರಿಗಳು ಚುರುಕಾಗಿದ್ದು ಅರ್ಜಿಯನ್ನು ಆರು ತಿಂಗಳಲ್ಲಿ ತಿರಸ್ಕರಿಸಿದ್ದರೆ ಈ ಕಾರಣವು ಅವರಿಗೆ ದೊರೆಯುತ್ತಲೇ ಇರಲಿಲ್ಲ. ಗುಮಾಸ್ತರ ಆಲಸ್ಯದಿಂದ ಮನುಷ್ಯನು ಬದುಕುವದೂ ಅವರ ಚುರುಕಿನಿಂದ ಸಾಯುವದೂ ನಾಗರಿಕ ರಾಜ್ಯಕ್ಕೆ ಭೂಷಣವಲ್ಲ. ಅದೇ ವರ್ಷದ ಸಪ್ಟೆಂಬರದಲ್ಲಿ ಸುಪ್ರೀಮ್ ಕೋರ್ಟು, ಮರಣದಂಡನೆಯ ಪುನರ್ವಿಮರ್ಶೆಯ ಅರ್ಜಿಗಳನ್ನು ಮೂವರು ನ್ಯಾಯಾಧೀಶರು ತೆರೆದ ನ್ಯಾಯಾಸನದಲ್ಲಿಯೇ ಕೇಳಬೇಕೆಂದು ನಿರ್ಣಯಿಸಿದ್ದು ಒಂದು ಒಳ್ಳೆಯ ಹೆಜ್ಜೆ. ಜನ್ಮಾವಧಿಯವರಿಗೆ ಆ ಸೌಲಭ್ಯವಿಲ್ಲ. ಜತೆಗಿದ್ದು ಸಿಕ್ಕಿಬಿದ್ದವರಲ್ಲಿ ಬಹುಮಂದಿ ಜನ್ಮಾವಧಿಯವರೇ.

ನಮ್ಮ ನಾಲ್ಕು ತಾಲೂಕುಗಳವನ ದಾರಿ ಇಂದು ಹೀಗಿದೆ. ವಿಜಯಪುರದ ಸೆಶನ್ಸ್ ಕೋರ್ಟಿನಲ್ಲಿ ಶಿಕ್ಷೆಯಾದರೆ ಅಪೀಲು ಕಲಬುರಗಿಯ ಹಾಯ್‌ಕೋರ್ಟು ಪೀಠಕ್ಕೆ. 2008ಕ್ಕಿಂತ ಮುಂಚೆ ಬೆಂಗಳೂರಿಗೇ ಹೋಗಬೇಕಾಗಿತ್ತು, ಅದೊಂದು ಉಪಕಾರವಾಗಿದೆ. ಕಲಬುರಗಿಯಲ್ಲಿಯೂ ಶಿಕ್ಷೆ ಖಾಯಂ ಆದರೆ ಮುಂದೆ ಹಕ್ಕಿನ ಅಪೀಲು ಸಾಮಾನ್ಯವಾಗಿ ಇಲ್ಲ; 136ನೆಯ ಅನುಚ್ಛೇದದಂತೆ ಸುಪ್ರೀಮ್ ಕೋರ್ಟಿನ ವಿಶೇಷ ಅನುಮತಿಯನ್ನು ಬೇಡಬೇಕು. ಅನುಮತಿ ಸಿಕ್ಕರೂ ಅಲ್ಲಿ ನೋಡುವದು ಕೆಳಗೆ ಬರೆದಿಟ್ಟ ಸಾಕ್ಷಿಯನ್ನೇ. ಯಾರು ಕೊಡಲಿ ಹಿಡಿದಿದ್ದರು, ಯಾರು ಬರಿಗೈಯಲ್ಲಿದ್ದರು, ಯಾರು ಬಿಡಿಸಲು ಬಂದಿದ್ದರು ಎಂಬುದು ಮೊದಲನೆಯ ದಿನ ಠಾಣೆಯ ಕಾಗದದಲ್ಲಿ ಬರದಿದ್ದರೆ ಹತ್ತು ವರ್ಷದ ಮೇಲೆ ದಿಲ್ಲಿಯಲ್ಲಿ ಯಾವ ಪಂಡಿತನು ಅದನ್ನು ಹುಟ್ಟಿಸಿಯಾನು? 1964ರ ಮಸಾಲ್ತಿ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು, ಅಕ್ರಮ ಕೂಟದ ಸದಸ್ಯನೆಂದು ಸಿದ್ಧವಾದವನು ಕೈಯೆತ್ತಿರದಿದ್ದರೂ ಹೊಣೆಗಾರನೆಂದು ಹೇಳಿತಾದರೂ, ದೊಡ್ಡ ಗುಂಪಿನ ವಿಷಯದಲ್ಲಿ ಒಬ್ಬೊಬ್ಬನ ಮೇಲೆ ಎರಡು ಮೂರಾದರೂ ಸಾಕ್ಷಿಗಳು ಒಂದೇ ರೀತಿಯಾಗಿ ನುಡಿಯಬೇಕೆಂಬ ಅಳತೆಯನ್ನೂ ಒಪ್ಪಿತು. ಈ ಎರಡನೆಯ ಮಾತನ್ನು ನಮ್ಮ ಠಾಣೆಗಳವರು ನೆನಪಿನಲ್ಲಿಟ್ಟಂತೆ ತೋರುವದಿಲ್ಲ.

ಆದುದರಿಂದ ನಾವು ದಿಲ್ಲಿಯನ್ನು ಕೇಳುವದಕ್ಕಿಂತ ಮೊದಲು ಇಂಡಿ, ಸಿಂದಗಿಗಳ ಫೌಜದಾರರನ್ನೂ ವಿಜಯಪುರದ ಸರಕಾರೀ ವಕೀಲರನ್ನೂ ಕೇಳುತ್ತೇವೆ. ಗುಂಪಿನ ಕೊಲೆಯ ಪ್ರತಿಯೊಂದು ದೋಷಾರೋಪ ಪತ್ರದಲ್ಲಿ ಆರೋಪಿಯೊಬ್ಬೊಬ್ಬನ ಹೆಸರಿನ ಮುಂದೆ ಅವನು ಎಲ್ಲಿ ನಿಂತಿದ್ದನು, ಕೈಯಲ್ಲಿ ಏನಿತ್ತು, ಏನು ಮಾಡಿದನು, ಕಂಡವರು ಯಾರು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ಬರೆಯಲು ಏನೂ ಇಲ್ಲದವನ ಹೆಸರನ್ನು ಬಿಟ್ಟುಬಿಡಿರಿ. ತಾಲೂಕಿನ ಕಾನೂನು ಸೇವಾ ಸಮಿತಿಗಳು 1987ರ ಕಾಯಿದೆಯಂತೆ ಬಡ ಕೈದಿಗೆ ವಕೀಲರನ್ನು ಒದಗಿಸಲು ಬದ್ಧವಾಗಿವೆ. ಆ ವಕೀಲರು ಜಬಾನಿಯ ದಿನಕ್ಕೆ ಮಾತ್ರ ಬರದೆ ಜೈಲಿಗೆ ಹೋಗಿ ಕೈದಿಯ ಮಾತನ್ನು ಕೇಳಲಿ. ದೋಷ ನಿರ್ಣಯವಾದ ಮೇಲೆ ಶಿಕ್ಷೆಯ ಪ್ರಮಾಣದ ಕುರಿತು ಬೇರೆಯಾಗಿ ವಿಚಾರಿಸಬೇಕೆಂದು ಕಾಯಿದೆಯಲ್ಲಿ 1973ರಿಂದಲೂ ಇದೆ. ಅಲ್ಲಿ ಹನ್ನೆರಡು ಮಂದಿಯನ್ನು ಒಟ್ಟಾಗಿ ನಿಲ್ಲಿಸಿ ಒಂದೇ ಮಾತು ಕೇಳಿ ಮುಗಿಸದೆ, ಒಬ್ಬೊಬ್ಬನನ್ನೇ ಮುಂದೆ ಕರೆದು ಕೇಳಬೇಕೆಂದು ವಕೀಲ ಮಂಡಳಿಗಳವರು ನ್ಯಾಯಾಧೀಶರಲ್ಲಿ ಬಿನ್ನವಿಸಿಕೊಳ್ಳಲಿ.