ಸೊಂಟ ನೋವಿಗೆ ಮನಸ್ಸಿನ ಮದ್ದೇ?

ನಮ್ಮ ಅತ್ತಿಗೆಗೆ ಸೊಂಟ ಹಿಡಿದು ಎಂಟು ತಿಂಗಳಾಗಿತ್ತು. ಕೌನ್ಸೆಲರ್ ಹತ್ತಿರವೂ ಒಮ್ಮೆ ಮಾತಾಡಿ ಎಂದು ಫಿಸಿಯೋಥೆರಪಿಯ ಹುಡುಗಿ ಮೆಲ್ಲಗೆ ಅಂದಳು. ಅತ್ತಿಗೆ ಸಿಡಿದರು: "ಅಂದ್ರೆ ನಾನು ನಾಟಕ ಆಡ್ತಿದೀನಾ?"

ಸಿಟ್ಟು ನ್ಯಾಯವಾದದ್ದೇ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ "ಎಲ್ಲ ನಿಮ್ಮ ಮನಸ್ಸಿಂದು" ಎಂದು ಕೈತೊಳೆದುಕೊಳ್ಳುವವರನ್ನು ಕಂಡವರು ಹಾಗೆ ಕೇಳಲೇಬೇಕು. ಆದರೆ ದೇಹದ ನೋವು ನಿಜ, ಮನಸ್ಸಿನದು ಸುಳ್ಳು ಎಂಬ ಲೆಕ್ಕವೇ ತಪ್ಪು. ನೋವಿನ ಸುದ್ದಿ ಬೆನ್ನುಹುರಿಯಲ್ಲೇ ಏರಿಳಿಯುತ್ತದೆ, ಮಿದುಳು ಮೇಲಿನಿಂದ ಅದನ್ನು ತಗ್ಗಿಸಬಲ್ಲದು ಎಂದು ನೋವಿನ ಸಂಶೋಧಕರಾದ ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲೇ ವಾದಿಸಿದ್ದರು. ವಿವರಗಳು ಆಮೇಲೆ ತಿದ್ದುಪಡಿಯಾದವು, ಮೂಲ ಮಾತು ಉಳಿಯಿತು.

ಅತ್ತಿಗೆ ಬಕೆಟ್ ಎತ್ತುವುದನ್ನು ನೋಡಬೇಕಿತ್ತು. ಒಂದು ಕೈ ಗೋಡೆಗೆ, ಉಸಿರು ಬಿಗಿ, ಬೆನ್ನು ಹಲಗೆ. ಎಂ.ಆರ್.ಐ. ರಿಪೋರ್ಟಿನ 'ಡಿಸ್ಕ್ ಸವೆತ' ಅವರನ್ನು ಕಟ್ಟಿಹಾಕಿತ್ತು. ಬಗ್ಗಿದರೆ ಮುರಿದೀತೆಂದು ಬಗ್ಗಲಿಲ್ಲ, ಬಗ್ಗದೆ ಸ್ನಾಯು ಸೊರಗಿತು, ಸೊರಗಿದ್ದಕ್ಕೆ ಸಣ್ಣ ಕೆಲಸಕ್ಕೂ ನೋವು. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಕಲೆಹಾಕಿದ 2015ರ ಅಧ್ಯಯನವೊಂದರಲ್ಲಿ 20ರ ವಯಸ್ಸಿನವರಲ್ಲೇ ಶೇ. 37, 80ರವರಲ್ಲಿ ಶೇ. 96 ಮಂದಿಗೆ ಅದೇ ಸವೆತ ಕಂಡಿತ್ತು. ಕೂದಲು ನರೆತ ಹಾಗೆ! ರಿಪೋರ್ಟ್ ಕೊಡುವಾಗಲೇ ಇಷ್ಟು ಹೇಳಿದ್ದರೆ ಆ ಎಂಟು ತಿಂಗಳಲ್ಲಿ ಎಷ್ಟೋ ಉಳಿಯುತ್ತಿತ್ತು. (ಕಾಲು ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರೆ ಮಾತು ಬೇರೆ, ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು.)

ಹಾಗಾಗಿ ನನ್ನ ತಕರಾರು ಮನಶ್ಶಾಸ್ತ್ರದ ಮೇಲಲ್ಲ, ಅದನ್ನಿಟ್ಟ ಜಾಗದ ಮೇಲೆ. ಮಾತ್ರೆ, ಶಾಖ, ಬೆಲ್ಟು ಎಲ್ಲ ಮುಗಿದ ಮೇಲೆ ಬೇರೆ ಬಾಗಿಲಿಗೆ ಕಳಿಸಿದರೆ ಯಾರಿಗಾದರೂ ಅವಮಾನವೇ. ಸೊಂಟನೋವಿಗೆ ಮನಸ್ಸಿನ ಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೇ ಕೊಡಿ, ಬಿಡಿಯಾಗಿ ಬೇಡ ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಹೇಳುತ್ತದೆ. ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ಫೋರ್ಡೈಸ್ 1970ರ ದಶಕದಲ್ಲಿ ಮಾಡಿದ್ದೂ ಅದೇ ಬಗೆಯದು: ನೋವು ಬರುವವರೆಗೆ ಅಲ್ಲ, ಗೊತ್ತುಮಾಡಿದ ಎಣಿಕೆಯಷ್ಟು ವ್ಯಾಯಾಮ, ಆಮೇಲೆ ವಿಶ್ರಾಂತಿ, ಎಣಿಕೆ ನಿಧಾನಕ್ಕೆ ಮೇಲಕ್ಕೆ. ಇದರ ಫಲವೂ ಪವಾಡದ್ದಲ್ಲ, ನೋವೆಲ್ಲ ಭಯದಿಂದಲೇ ಬಂದದ್ದೂ ಅಲ್ಲ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಬೆನ್ನಾಸರೆಯಿಲ್ಲದ ಸ್ಟೂಲಿನಲ್ಲಿ ಕೂರುವವಳಿಗೆ ಭಯ ಬಿಡು ಎನ್ನುವ ಮೊದಲು ಸ್ಟೂಲು ಬದಲಿಸಬೇಕು.

ಮುಂದಿನ ವಾರ ಆ ಹುಡುಗಿ ಕೌನ್ಸೆಲರ್ ಮಾತೆತ್ತಲಿಲ್ಲ. ಅರ್ಧ ಬಕೆಟ್ ನೀರಿಟ್ಟು, "ನೋವೆಷ್ಟು ಅಂತ ಕೇಳಲ್ಲ ಅಕ್ಕಾ, ಭಯ ಹತ್ತಕ್ಕೆ ಎಷ್ಟು?" ಅಂದಳು. ಅತ್ತಿಗೆ ಎಂಟು ಅಂದರು. ಐದನೇ ಸಲ ಎತ್ತುವಾಗ ಗೋಡೆಯ ಮೇಲಿನ ಕೈ ಬಿಟ್ಟಿದ್ದರು.