ಲಾಕ್ ಕಿತ್ತಾಕೋ ಮುಂಚೆ ಮಲ್ಟಿಮೀಟರ್ ಹಿಡೀರಿ

ಹಳೇ ಕಾರಿನ ಸೆಂಟ್ರಲ್ ಲಾಕ್ ಕೈಕೊಟ್ಟರೆ ಎಲ್ಲರದ್ದೂ ಒಂದೇ ಸಲಹೆ: ‘ಸೊಲೆನಾಯ್ಡ್ ಕಿತ್ತಾಕು, ಮೋಟಾರ್ ಆಕ್ಚುಯೇಟರ್ ಹಾಕು.’ ನಾನು ಅದಕ್ಕೆ ವಿರೋಧಿ ಅಲ್ಲ. ಆದರೆ ಮೊದಲು ಅಳತೆ ಮಾಡ್ರಪ್ಪ!

1979ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಜೆ ಸೀರೀಸ್ 3 ತಗೊಳ್ಳಿ. ಬಾಗಿಲೊಳಗಿನ ಸೊಲೆನಾಯ್ಡ್ ಒಂದೇ ಏಟಿಗೆ ರಾಡ್ ಎಳೆಯುತ್ತೆ. ಆ ಕ್ಷಣಕ್ಕೆ ಕರೆಂಟ್ ಜಾಸ್ತಿ ಬೇಕು. ಲೆಕ್ಕಕ್ಕೆ ಕಾಯಿಲ್ 1 ಓಮ್ ಅಂತಿಟ್ಟುಕೊಳ್ಳಿ: 12 ವೋಲ್ಟಿಗೆ 12 ಆಂಪಿಯರ್. ಬಾಗಿಲು ತೆಗೆದೂ ಹಾಕೀ ಹಿಂಜಿನ ಹತ್ತಿರ ಸವೆದ ವೈರು, ಕಿಲುಬು ಹಿಡಿದ ಕನೆಕ್ಟರ್ ಸೇರಿ ಬರೀ 0.2 ಓಮ್ ಹೆಚ್ಚಿದರೂ ಕರೆಂಟ್ 10ಕ್ಕೆ ಇಳಿಯಿತು. ಎಳೆತದ ಬಲ ಹೆಚ್ಚುಕಡಿಮೆ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯೋದರಿಂದ ಉಳಿಯೋದು ಶೇ. 69 ಮಾತ್ರ. ಗ್ರೀಸ್ ಒಣಗಿದ ಲಾಕಿಗೆ ಅಷ್ಟು ಸಾಲದೇ ಹೋಗಬಹುದು. ತಪ್ಪು ವೈರಿಂದು, ಶಿಕ್ಷೆ ಸೊಲೆನಾಯ್ಡಿಗೆ!

ಗೇರ್ ಇರೋ ಸಣ್ಣ ಮೋಟಾರ್ ಕಡಿಮೆ ಕರೆಂಟಲ್ಲಿ ಕೆಲಸ ಮಾಡುತ್ತೆ, ನಿಜ. ಪೊಲಾರಿಟಿ ತಿರುಗಿಸಿದರೆ ಲಾಕ್, ಮತ್ತೆ ತಿರುಗಿಸಿದರೆ ಅನ್‌ಲಾಕ್. ಹಾಕೋದಾದ್ರೆ ಹಾಕಿ, ಫ್ಯೂಸ್, ವೈರು ನುಗ್ಗೋ ತೂತಿಗೆ ರಬ್ಬರ್ ಗ್ರೊಮೆಟ್ ಮರೀಬೇಡಿ. ಆದರೆ ‘ರಿಮೋಟ್ ಇದೆಯಲ್ಲ’ ಅಂತ ಕೀ ಹಾಕೋ ಸಿಲಿಂಡರ್, ಒಳಗಿನ ಲಾಕ್ ಗುಂಡಿ ಎಲ್ಲಾ ತೆಗೆದು ಬಾಗಿಲು ನುಣ್ಣಗೆ ಮಾಡೋ ಚಟ ಇದೆ ನೋಡಿ, ಅದನ್ನ ಮಾತ್ರ ನಾನು ಒಪ್ಪಲ್ಲ. ಬ್ಯಾಟರಿ ಸತ್ತಾಗ ಕೀ ಹಿಡಿದು ಹೊರಗೆ ನಿಂತಿರೋದು ನೀವು, ಒಳಗೆ ಮಲಗಿರೋದು ಅಕ್ಕನ ಮಗು. ಆಗ ಯಾವ ರಿಮೋಟ್ ಒತ್ತುತ್ತೀರಿ?